ಎಲೆಕೋಸಿನ ಹಾಲು

ಬೆಳಿಗ್ಗೆ ಕಾಫಿಗೆ ಹಾಲು ಕಾಯಲು ಇಟ್ಟು ನಿಂತಿದ್ದಾಗ ಚಿಲಿ ದೇಶದ ನಾಟ್‌ಕೋ ಕಂಪನಿ ನೆನಪಾಗಿ ನಗು ಬಂತು. 2015ರಲ್ಲಿ ಹುಟ್ಟಿದ ಇದು ಹಸುವಿಲ್ಲದೆ ಹಾಲು, ಮೊಟ್ಟೆಯಿಲ್ಲದೆ ಮೇಯನೇಸ್ ಮಾಡುತ್ತದೆ. ಯಾವ ಸಸ್ಯವನ್ನು ಯಾವುದರೊಂದಿಗೆ ಬೆರೆಸಬೇಕೆಂದು ಸೂಚಿಸುವುದು ಜೂಸೆಪ್ಪೆ ಎಂಬ ಕೃತಕ ಬುದ್ಧಿಮತ್ತೆ. ಹಣ್ಣು ತರಕಾರಿಗಳನ್ನು ಜೋಡಿಸಿದಂತೆ ಮನುಷ್ಯರ ಮುಖ ಬರೆಯುತ್ತಿದ್ದ 16ನೇ ಶತಮಾನದ ಇಟಲಿಯ ಚಿತ್ರಕಾರ ಜೂಸೆಪ್ಪೆ ಆರ್ಚಿಂಬೊಲ್ಡೊನ ಹೆಸರದು. ಹೆಸರಿಟ್ಟವರು ರಸಿಕರೇ, ಒಪ್ಪಿದೆ.

ಆದರೆ ಅವರ ಹಾಲಿನಲ್ಲಿ ಏನಿದೆ ಗೊತ್ತೇ? ಬಟಾಣಿ ಪ್ರೋಟೀನಿನ ಜೊತೆಗೆ ಅನಾನಸ್ ಮತ್ತು ಎಲೆಕೋಸಿನ ರಸ! ಅಡುಗೆ ಬಲ್ಲ ಯಾರ ತಲೆಗೂ ಸುಲಭಕ್ಕೆ ಹೊಳೆಯದ ಜೋಡಿ. ಹಸಿ ಅನಾನಸ್ ಬಿದ್ದರೆ ಹಾಲು ಕಹಿಯಾಗುತ್ತದೆಂದು ಅಮ್ಮ ಅದನ್ನು ಹಾಲಿನ ಪಾತ್ರೆಯ ಹತ್ತಿರವೂ ಸುಳಿಯಗೊಡುವುದಿಲ್ಲ. ಯಂತ್ರಕ್ಕೆ ಆ ಅಂಜಿಕೆ ಎಲ್ಲಿಯದು? ಅದು ದತ್ತಾಂಶ ಜಾಲಾಡಿ ಲೆಕ್ಕ ಹಾಕುತ್ತದೆ. ನಾಲಿಗೆ ಮಾತ್ರ ಅದಕ್ಕಿಲ್ಲ. ರುಚಿ ನೋಡಿ ಸೈ ಎನ್ನಲು ಈಗಲೂ ಬಾಣಸಿಗರೇ ಬೇಕು.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ‘ಅನಾನಸ್ ಇದ್ದರೆ ಗೊಜ್ಜು ಮಾಡುವುದು ಬಿಟ್ಟು ಅವರಿಗೇನು ಬಂತು?’ ಎಂದಳು. ಅಷ್ಟರಲ್ಲಿ ನಮ್ಮ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.