ಕರೆಂಟ್ ಬಂತು ಭಾವಾ!

ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಕರೆಂಟ್ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲೋ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದಿರಬೇಕು, ಇನ್ನು ಬರುವುದು ಸಂಜೆಗೇ ಅಂದುಕೊಂಡು ಕಾಫಿಗೆ ಎದ್ದುಬಿಡುತ್ತೇವೆ. ಆ ಧೈರ್ಯಕ್ಕೆ ನನ್ನ ಹೆಬ್ಬೆರಳೇ ಹೋಗುವುದರಲ್ಲಿತ್ತು.

ಗೋಣಿಕೊಪ್ಪದ ಹತ್ತಿರ ನಮ್ಮ ಮನೆ. ಹಿಂದಿನ ಹಳೇ ಕೊಟ್ಟಿಗೆಯೇ ನನ್ನ ವರ್ಕ್‌ಶಾಪ್. ಬಾಗಿಲು, ಕಿಟಕಿ, ಹೋಂಸ್ಟೇಗಳ ಮಂಚ, ಇಷ್ಟೇ ನನ್ನ ಲೋಕ. ಹೋದ ವರ್ಷ ವಿರಾಜಪೇಟೆ ಕಡೆಯ ಎಸ್ಟೇಟ್ ಓನರ್ ಒಬ್ಬರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಗೋಡೆ ಮತ್ತು ಸೀಲಿಂಗ್ ಸೇರುವ ಕಡೆ ಸುತ್ತಲೂ ಕ್ರೌನ್ ಮೋಲ್ಡಿಂಗ್, ಅಂದರೆ ಓರೆಯಾಗಿ ಕೂರಿಸುವ ಅಲಂಕಾರದ ಪಟ್ಟಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ, ಮರದ್ದೇ ಬೇಕು, ಅದೂ ತಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನದ್ದೇ ಆಗಬೇಕು. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬಕ್ಕೆ ನೆಂಟರು ಬರುತ್ತಾರೆ, ಅಷ್ಟರೊಳಗೆ ಮುಗಿಸಬೇಕು. ಆಯ್ತು ಅಂದೆ. ನಾನು ಅಲ್ಲಿಯವರೆಗೆ ಕ್ರೌನ್ ಮಾಡಿಯೇ ಇರಲಿಲ್ಲ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

18ಕ್ಕೆ 14 ಅಡಿ ಹಾಲ್. 64 ರನ್ನಿಂಗ್ ಫೂಟ್, ವೇಸ್ಟ್ ಸೇರಿಸಿ ಎಂಟಡಿಯ ಹತ್ತು ಪಟ್ಟಿ. ನಾಲ್ಕು ಇಂಚು ಅಗಲದ ಪಟ್ಟಿಗೆ ಬೇಕಾದ ದೊಡ್ಡ ರೂಟರ್ ಬಿಟ್ (ಮರದಲ್ಲಿ ಡಿಸೈನ್ ಕೊರೆಯುವ ಮೆಷಿನ್ನಿನ ಅಲಗು) ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ನಡುವಿನ ಗುಳಿಯನ್ನು ಟೇಬಲ್ ಸಾನಲ್ಲೇ (ಮೇಜಿನ ನಡುವೆ ದುಂಡು ಬ್ಲೇಡ್ ತಿರುಗುವ ಗರಗಸ) ತೆಗೆದು, ಅಂಚಿಗೆ ಮಾತ್ರ ರೂಟರ್ ಹಾಕುವುದು ಅಂತ ತೀರ್ಮಾನಿಸಿದೆ. 65 ಎಂಎಂ ಅಗಲ, 12 ಎಂಎಂ ಆಳದ ಕೋವ್, ಅಂದರೆ ಪಟ್ಟಿಯುದ್ದಕ್ಕೂ ಬಾಗಿದ ಗುಳಿ. ಹತ್ತು ಇಂಚಿನ ಬ್ಲೇಡಿಗೆ ರೀಪರ್ (ಪಟ್ಟಿ ಅತ್ತಿತ್ತ ಸರಿಯದಂತೆ ಹಿಡಿಯುವ ಮರದ ತುಂಡು) 37 ಡಿಗ್ರಿ ಓರೆ. ಎರಡೂ ಕಡೆ ರೀಪರ್ ಕ್ಲ್ಯಾಂಪ್ ಮಾಡಿ, ಪಟ್ಟಿಯನ್ನು ಬ್ಲೇಡಿನ ಮೇಲೆ ಓರೆಯಾಗಿಯೇ ತಳ್ಳುತ್ತಾ ಹೋಗುವುದು. ಒಂದು ಸುತ್ತಿಗೆ ಬ್ಲೇಡ್ ಒಂದೂವರೆ ಎಂಎಂ ಮಾತ್ರ ಏರಿಸಬೇಕು. ಹತ್ತು ಪಟ್ಟಿ, ಎಂಟು ಸುತ್ತು, ಒಟ್ಟು ಎಂಬತ್ತು ಸಲ. ಈ ಕೆಲಸಕ್ಕೆ ಬ್ಲೇಡ್ ಮುಚ್ಚುವ ಗಾರ್ಡ್ ಮತ್ತು ಬ್ಲೇಡಿನ ಹಿಂದೆ ನಿಂತು ಮರ ಹಿಮ್ಮೆಟ್ಟದಂತೆ ತಡೆಯುವ ರೈವಿಂಗ್ ನೈಫ್ ಎರಡನ್ನೂ ತೆಗೆಯಲೇಬೇಕು, ಬೇರೆ ದಾರಿಯಿಲ್ಲ. ಮೈಯೆಲ್ಲ ಹಲಸಿನ ಹಳದಿ ಪುಡಿ.

ಆರನೇ ಸುತ್ತು, ನಾಲ್ಕನೇ ಪಟ್ಟಿ. ಅರ್ಧ ದಾರಿಯಲ್ಲಿ ಕರೆಂಟ್ ಹೋಯಿತು.

ಬ್ಲೇಡ್ ಸುಂಯ್ ಅಂತ ನಿಂತಿತು. ಶೀಟಿನ ಮೇಲೆ ಬೀಳುವ ಮಳೆ ಸದ್ದು ಮಾತ್ರ. ಆಗ ನನ್ನ ತಲೆಯಲ್ಲಿ ಓಡಿದ್ದು ಒಂದೇ: ಪಟ್ಟಿ ಬ್ಲೇಡಿನ ಮೇಲೆ ಹೀಗೇ ಕೂತರೆ ಕೋವ್‌ನಲ್ಲಿ ಗೆರೆ ಬೀಳುತ್ತದೆ, ಎಮರಿ ಹೊಡೆದು ಸಾಯಬೇಕು. ಕೈಯ ಯೋಚನೆ ಬರಲೇ ಇಲ್ಲ, ಗೆರೆಯದ್ದೇ ಯೋಚನೆ. ಸ್ವಿಚ್ ಟೇಬಲ್ ಕೆಳಗೆ ಬಲಗಡೆ ಇದೆ. ಬಾಗಿದರೆ ಸಾಕು, ಎರಡು ಸೆಕೆಂಡಿನ ಕೆಲಸ. ಬಾಗಲಿಲ್ಲ. ಪಟ್ಟಿ ತಳ್ಳುವ ಹಿಡಿ, ಪುಷ್ ಬ್ಲಾಕ್, ಪಕ್ಕಕ್ಕಿಟ್ಟೆ. ಮುಂದಿನ ರೀಪರಿನ ಕ್ಲ್ಯಾಂಪ್ ಸಡಿಲ ಮಾಡಿದೆ. ಪಟ್ಟಿ ಎತ್ತಲು ಎಡಗೈ ಹೆಬ್ಬೆರಳನ್ನು ಅದರ ಅಂಚಿನ ಕೆಳಗೆ ತೂರಿಸಿದೆ. ಬ್ಲೇಡಿಗೂ ಬೆರಳಿಗೂ ನಾಲ್ಕು ಬೆರಳಿನಷ್ಟು ಅಂತರ. ಎಷ್ಟು ನೈಸಾಗಿ ಬಂದಿದೆ ನೋಡೋಣ ಅಂತ ಮುಖವನ್ನೂ ಹತ್ತಿರ ತಂದೆ.

ಆ ಹೊತ್ತಿಗೆ ಮನೆಯ ಆಚೆ ಬದಿಯಲ್ಲಿ ನನ್ನ ಭಾಮೈದ ಜನರೇಟರ್ ಸ್ಟಾರ್ಟ್ ಮಾಡಿದ್ದ. ಮಳೆಯಲ್ಲಿ ನನಗೆ ಕೇಳಿಸಲಿಲ್ಲ. ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಎಳೆದ.

ಪಟ್ಟಿ ಕೈಯಿಂದ ಹೋದದ್ದು ಕಾಣಲಿಲ್ಲ. ಧಡ್ ಅಂತ ಸದ್ದು ಬಂದಾಗಲೇ ಗೊತ್ತಾಗಿದ್ದು. ಪಕ್ಕೆಯನ್ನು ಸವರಿಕೊಂಡು ಹಿಂದಿನ ಗೋಡೆಯ ಶೀಟನ್ನು ತೂತು ಮಾಡಿತ್ತು. ಅಂಗೈ ಚರ್ಮ ಸುಲಿದಿತ್ತು. ಬೆರಳುಗಳನ್ನು ಎರಡು ಸಲ ಎಣಿಸಿದೆ. ಸಾ ಮಾತ್ರ ಏನೂ ಆಗದವರ ಹಾಗೆ ಓಡುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಖುಷಿಯ ಕೂಗು: "ಕರೆಂಟ್ ಬಂತು ಭಾವಾ!"

ಅವನಿಗೆ ಬೈದದ್ದನ್ನು ಇಲ್ಲಿ ಬರೆಯಲಾರೆ. ಹೇಳದೆ ಕೇಳದೆ ಯಾಕೋ ಆನ್ ಮಾಡಿದೆ ಅಂತ ಕಿರುಚಿದೆ. ಪಾಪ, ಓನರ್ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಾರೆ, ಕೆಲಸ ನಿಲ್ಲಬಾರದು ಅಂತ ಒದ್ದೆಯಾಗಿಕೊಂಡು ಹೋಗಿದ್ದ. ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ, "ಭಾವ, ಸ್ವಿಚ್ ಆಫ್ ಇರಲಿಲ್ವಾ?" ನಾನು ಸಾರು ಬಡಿಸಿಕೊಂಡೆ.

ಆ ಸಾ ಸೆಕೆಂಡ್ ಹ್ಯಾಂಡ್. ಮಾರಿದವರು "ಎಲ್ಲ ಓಕೆ" ಅಂದಿದ್ದರು. ಇದ್ದದ್ದು ಮನೆಯಲ್ಲಿ ಲೈಟ್ ಹಾಕುವಂಥ ಸಾದಾ ಸ್ವಿಚ್. ಕರೆಂಟ್ ಹೋದರೂ ಆನ್‌ನಲ್ಲೇ ಇರುತ್ತದೆ, ಬಂದ ತಕ್ಷಣ ಮೋಟಾರ್ ತಿರುಗುತ್ತದೆ. ನೋ ವೋಲ್ಟ್ ಸ್ವಿಚ್ ಆದರೆ ಕರೆಂಟ್ ಹೋದಾಗ ತಾನೇ ಬಿಡುತ್ತದೆ, ಮತ್ತೆ ಹಸಿರು ಬಟನ್ ಒತ್ತದೆ ಓಡುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಹೊಸ ಬ್ಲೇಡಿಗೆ ದುಡ್ಡು ಕೊಟ್ಟಿದ್ದೆ, ಸ್ವಿಚ್ಚಿಗೆ ಆಮೇಲೆ ನೋಡೋಣ ಅಂದಿದ್ದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಲ್ಲಿ! ಮರುದಿನವೇ ತರಿಸಿದೆ. ಈಗ ಕರೆಂಟ್ ಹೋದರೆ ಸ್ವಿಚ್ ಆಫ್ ಮಾಡಿ ಪ್ಲಗ್ಗನ್ನೂ ಕಿತ್ತು, ಪಿನ್ ಕಣ್ಣಿಗೆ ಕಾಣುವ ಹಾಗೆ ಟೇಬಲ್ ಮೇಲಿಡುತ್ತೇನೆ. ಆಮೇಲೇ ಮರ ಮುಟ್ಟುವುದು.

ಫಿಟ್ಟಿಂಗ್ ಮತ್ತೊಂದು ಕಥೆ. ಪಟ್ಟಿ ಗೋಡೆಗೆ 38 ಡಿಗ್ರಿ ಓರೆಯಾಗಿ ಕೂರಬೇಕು (ಇದೇ ಸ್ಪ್ರಿಂಗ್), ಅದಕ್ಕೆ ಮೈಟರ್ ಅಂದರೆ ತುದಿಯ ಅಡ್ಡ ಓರೆ 31.6, ಬೆವೆಲ್ ಅಂದರೆ ಬ್ಲೇಡಿನ ವಾಲು 33.9 ಡಿಗ್ರಿ ಅಂತ ಲೆಕ್ಕ ಹಾಕಿ ಕತ್ತರಿಸಿದರೆ ಮೂಲೆಯಲ್ಲಿ ಕಡ್ಡಿ ತೂರುವಷ್ಟು ಸಂದು. ಹಳೇ ಬಂಗಲೆ, ಮೂಲೆ ತೊಂಬತ್ತು ಇದ್ದರೆ ತಾನೇ? ಅಳೆದರೆ ಒಂದು ಕಡೆ 92, ಇನ್ನೊಂದು ಕಡೆ 88. ಕೊನೆಗೆ ಒಳಮೂಲೆಗಳಲ್ಲೆಲ್ಲ ಒಂದು ಪಟ್ಟಿಯ ತುದಿಯನ್ನು ಇನ್ನೊಂದರ ಆಕಾರಕ್ಕೆ ಸರಿಯಾಗಿ ಕೋಪಿಂಗ್ ಗರಗಸದಲ್ಲಿ (ಸಣ್ಣ ಅಲಗಿನ ಕೈಗರಗಸ) ಕೊರೆದು ಕೂರಿಸಿದೆ. ಮೀಟರಿನಲ್ಲಿ ಮರದ ತೇವ 17 ಪರ್ಸೆಂಟ್ ತೋರಿಸುತ್ತಿತ್ತು, ಫೆಬ್ರವರಿ ಬಿಸಿಲಿಗೆ ಅಡ್ಡಕ್ಕೆ ಕುಗ್ಗಿ ಮೈಟರ್ ಜೋಡಣೆ ಹೇಗೂ ಬಾಯಿ ಬಿಡುತ್ತಿತ್ತು. ಓನರ್ ತಲೆ ಎತ್ತಿ ನೋಡಿ, "ಚೆನ್ನಾಗಿದೆ, ಬೀಡಿಂಗಿಗೆ ಇಷ್ಟು ದಿನ ಬೇಕಾಯ್ತಾ?" ಅಂದರು.

ಶೀಟಿನ ತೂತು ಹಾಗೇ ಇದೆ. ಗಾಳಿ ಜೋರಾದರೆ ಎರಚಲು ಒಳಗೆ ಬರುತ್ತದೆ. ಎಂಸೀಲ್ ಹಾಕಿ ಮುಚ್ಚೋಣ ಅಂದರೆ ಭಾಮೈದ ಬಿಡುತ್ತಿಲ್ಲ. ಕೆಲಸ ಕಲಿಯಲು ಬರುವ ಹುಡುಗರಿಗೆ ಅದನ್ನೇ ಮೊದಲು ತೋರಿಸುತ್ತಾನೆ, ನನ್ನ ಎದುರಿಗೇ.