ಹಡಗಿನಲ್ಲಿ ಅಟ್ಲಾಂಟಿಕ್ ದಾಟುವುದು: ಕಲಬುರಗಿ ಕಡೆಯಿಂದ ಹೊರಡುವವರಿಗೆ

ಅಕ್ಟೋಬರ್ ಮುಗಿಯುತ್ತ ಬಂದಂತೆ ಯುರೋಪಿನಲ್ಲಿ ಚಳಿ ಹಿಡಿಯುತ್ತದೆ. ಬೇಸಿಗೆಯಿಡೀ ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡಿದ ಪ್ರವಾಸಿ ಹಡಗುಗಳಿಗೆ ಅಲ್ಲಿ ಗಿರಾಕಿ ಕಡಿಮೆಯಾಗುತ್ತಾರೆ. ಆಗ ಅವುಗಳಲ್ಲಿ ಎಷ್ಟೋ ಹಡಗುಗಳು ಅಟ್ಲಾಂಟಿಕ್ ದಾಟಿ ಅಮೆರಿಕದ ಫ್ಲೋರಿಡಾ ಸೇರಿ, ಚಳಿಗಾಲವೆಲ್ಲ ಕೆರಿಬಿಯನ್ ದ್ವೀಪಗಳ ನಡುವೆ ತಿರುಗುತ್ತವೆ. ಏಪ್ರಿಲ್, ಮೇ ಬಂತೆಂದರೆ ಮತ್ತೆ ವಾಪಸ್. ಹೇಗಿದ್ದರೂ ಹೋಗಲೇಬೇಕಾದ ಹಡಗು, ಖಾಲಿ ಹೋಗುವುದಕ್ಕಿಂತ ಜನರನ್ನು ಹತ್ತಿಸಿಕೊಂಡು ಹೋದರೆ ಕಂಪನಿಗೆ ಲಾಭ. ಅದಕ್ಕೇ ಒಂದು ರಾತ್ರಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದರೆ ಈ ಪ್ರಯಾಣ ಮಾಮೂಲಿ ಕ್ರೂಸ್‌ಗಿಂತ ಸಾಮಾನ್ಯವಾಗಿ ಅಗ್ಗ.

ನಮ್ಮ ಮಗಳು ಇರುವುದು ಫ್ಲೋರಿಡಾದಲ್ಲಿ. ಅವಳ ಮನೆಗೆ ಹೋಗುವುದಂತೂ ಇತ್ತು. ಒಂದು ಕಡೆ ವಿಮಾನ, ಒಂದು ಕಡೆ ಹಡಗು ಎಂದು ನಿರ್ಧರಿಸಿ ಬಾರ್ಸಿಲೋನಾದಿಂದ ಹಡಗು ಹತ್ತಿದೆವು. ಊರಲ್ಲಿ ಇದನ್ನು ಹೇಳಿದಾಗ ಪಕ್ಕದ ಮನೆಯಾಕೆ ಕೇಳಿದ್ದು, "ಬರೀ ನೀರೇ ನೋಡ್ಕೋತ ಕೂಡ್ತೀರೇನ್ರೀ ಅಕ್ಕೋರೆ, ಅಲ್ಲೇನದ ಅಂತ?" ಪ್ರಶ್ನೆ ಸರಿಯಾಗಿಯೇ ಇದೆ. ಟಿಕೆಟ್ ತೆಗೆಸುವ ಮೊದಲು ನೀವೂ ಇದನ್ನೇ ನಿಮಗೆ ಕೇಳಿಕೊಳ್ಳಬೇಕು. ಈ ದಾರಿಯಲ್ಲಿ ಸಾಮಾನ್ಯವಾಗಿ ಆರೇಳು ದಿನ ಒಂದೇ ಸಮ ನೆಲ ಕಾಣುವುದಿಲ್ಲ. ಎಷ್ಟು ಊರು ನೋಡಿದೆವು ಎಂದು ಎಣಿಸುವವರಿಗೆ ಇದು ದಂಡ. ಅಂಥವರು ದುಬೈಗೋ ಸಿಂಗಪುರಕ್ಕೋ ಹೋಗಿ ಬರಲಿ. ಇಲ್ಲಿ ನೀವು ದುಡ್ಡು ಕೊಡುವುದೇ ಆ ನಡುವಿನ ದಿನಗಳಿಗೆ. ಹಡಗು, ಕೋಣೆ, ತಿಂಗಳು, ದಿಕ್ಕು ಎಲ್ಲವನ್ನೂ ಆ ದಿನಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕು.

ಸಮುದ್ರ ನಮ್ಮ ಕಡೆಯವರಿಗೆ ದೂರದ್ದೆಂದು ಅನ್ನಿಸುವುದು ಈಗಿನ ಮಾತು. ಬೀದರಿನಲ್ಲಿ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನ್ ಪರ್ಷಿಯಾದಿಂದ ಬಂದಿಳಿದದ್ದು ಕೊಂಕಣದ ದಾಭೋಳ ಬಂದರಿನಲ್ಲಿ. ಅದೇ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಊರಿಗೆ ಮರಳಲು ದಾಭೋಳದಲ್ಲೇ ಹಡಗು ಹತ್ತಿದ. ಹೋಗಬೇಕಾದದ್ದು ಹೊರ್ಮುಜ್‌ಗೆ, ತೇಲಿ ಮುಟ್ಟಿದ್ದು ಇಥಿಯೋಪಿಯಾದ ಕರಾವಳಿಗೆ. ಅವನಿಗೆ ಹೋಲಿಸಿದರೆ ನಮ್ಮ ಕಷ್ಟವೆಲ್ಲ ವೀಸಾ ಕಾಗದದ್ದು.

ಆ ಕಾಗದವೇ ಮೊದಲ ಕೆಲಸ. ಯುರೋಪಿಗೆ ಶೆಂಗೆನ್ ವೀಸಾ, ಅಮೆರಿಕಕ್ಕೆ ಬಿ1/ಬಿ2 ಪ್ರವಾಸಿ ವೀಸಾ, ಎರಡೂ ಬೇಕು. ಅಮೆರಿಕದ್ದು ಮೊದಲು ಕೈಗೆ ಬರಲಿ. ಸಂದರ್ಶನಕ್ಕೆ ದಿನ ಸಿಗುವುದೇ ತಿಂಗಳುಗಟ್ಟಲೆ ತಡವಾಗಬಹುದು. ಆದರೆ ಒಮ್ಮೆ ಸಿಕ್ಕರೆ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷ ನಡೆಯುತ್ತದೆ. ಕಾನ್ಸುಲೇಟ್ ಹೈದರಾಬಾದಿನ ನಾನಕರಾಮಗುಡದಲ್ಲಿದೆ. ಕಲಬುರಗಿಯಿಂದ ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿ, ಬೀದರಿನವರಿಗೆ ಇನ್ನೂ ಹತ್ತಿರ. ಶೆಂಗೆನ್ ಅರ್ಜಿಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹಡಗಿನ ಬುಕಿಂಗ್ ಕಾಗದವನ್ನೇ ಯುರೋಪಿನಿಂದ ಹೊರಗೆ ಹೋಗುವ ಟಿಕೆಟ್ ಎಂದು ಲಗತ್ತಿಸಿ. ಹಡಗು ನಿಲ್ಲುವ ಪ್ರತಿ ಬಂದರಿನ ವೀಸಾ ನಿಯಮವನ್ನೂ ನೋಡಿಕೊಳ್ಳಿ. "ನಾವು ಅಲ್ಲಿ ಇಳಿಯೋದೇ ಇಲ್ಲ" ಎಂದರೂ ಹತ್ತಿಸಿಕೊಳ್ಳದೆ ವಾಪಸ್ ಕಳಿಸುವ ಹಕ್ಕು ಕಂಪನಿಗಿದೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ಅವಧಿ ಉಳಿದಿರಬೇಕು.

ವಿಮಾನದ ಟಿಕೆಟನ್ನು ಹೋಗುವುದು ಬೇರೆ, ಬರುವುದು ಬೇರೆ ಎಂದು ಎರಡು ಮಾಡಿ ಕೊಳ್ಳಬೇಡಿ. ಬುಕಿಂಗ್ ತಾಣಗಳಲ್ಲಿ ಮಲ್ಟಿ ಸಿಟಿ ಎಂಬ ಆಯ್ಕೆ ಇರುತ್ತದೆ. ಮುಂಬೈಯಿಂದ ಬಾರ್ಸಿಲೋನಾ, ಮಯಾಮಿಯಿಂದ ಮುಂಬೈ ಎಂದು ಒಂದೇ ಟಿಕೆಟ್ ಮಾಡಿಸಿದರೆ ಹೆಚ್ಚಿನ ಸಲ ಹಣ ಉಳಿಯುತ್ತದೆ. ಮುಂಬೈಗೆ ಹೋಗಲು ಸಂಜೆ ಹುಸೇನ್ ಸಾಗರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವಕ್ಕೆ ಮುಟ್ಟುತ್ತದೆ. ದೊಡ್ಡ ಸಾಮಾನಿದ್ದರೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಕಾರು ಮಾಡಿಕೊಂಡು ಹೋಗುವುದೇ ಸುಖ. ಬಾರ್ಸಿಲೋನಾಕ್ಕೆ ಒಂದು ದಿನ ಮೊದಲೇ ಮುಟ್ಟಿರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಮತ್ತು ಮುಂದಿನ ಬಂದರು ಸಾವಿರಾರು ಕಿಲೋಮೀಟರ್ ಆಚೆ ಇರಬಹುದು.

ಇನ್ನು ಕೋಣೆ. ಕಿಟಕಿ ಇಲ್ಲದ ಒಳಗಿನ ಕೋಣೆ ಅಗ್ಗ, ಬಾಲ್ಕನಿ ಇರುವುದು ದುಬಾರಿ. ದಿನಕ್ಕೊಂದು ಬಂದರಿನಲ್ಲಿ ನಿಲ್ಲುವ ಪ್ರವಾಸವಾದರೆ ಒಳಗಿನದೇ ಸಾಕು ಎನ್ನುತ್ತಿದ್ದೆ, ರಾತ್ರಿ ಮಲಗಲಿಕ್ಕಷ್ಟೇ ತಾನೆ. ಸಾಗರ ದಾಟುವ ಪ್ರಯಾಣಕ್ಕೆ ಮಾತ್ರ ಬಾಲ್ಕನಿಗೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಬೆಳಿಗ್ಗೆ ಚಹಾ ಹಿಡಿದು ಕೂಡಲು, ಮಧ್ಯಾಹ್ನ ಓದಲು, ಗದ್ದಲ ಸಾಕಾದಾಗ ಬಾಗಿಲು ಹಾಕಿಕೊಳ್ಳಲು ನಿಮ್ಮದೇ ಜಾಗ. ಬಾಲ್ಕನಿ ಬೇಡವಾದರೆ ಆ ಹಣದಲ್ಲಿ ಹಡಗಿನ ನಡುಭಾಗದ, ಕೆಳಗಿನ ಮಹಡಿಯ ಕೋಣೆ ಆರಿಸಿ. ಮುಂಭಾಗ, ಹಿಂಭಾಗ, ಮೇಲಿನ ಮಹಡಿಗಳು ಹೆಚ್ಚು ಓಲಾಡುತ್ತವೆ. ಕೆಕೆಆರ್‌ಟಿಸಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಣೆಯ ಸಂಖ್ಯೆಯನ್ನು ಆಮೇಲೆ ಕಂಪನಿಯೇ ಕೊಡುವ ‘ಗ್ಯಾರಂಟಿ’ ದರ ಕಡಿಮೆ ಎಂದು ಕಂಡರೂ, ಹೊಟ್ಟೆ ತೊಳಸುವ ಸ್ವಭಾವದವರು ಅದನ್ನು ತೆಗೆದುಕೊಳ್ಳಬಾರದು. ನೆತ್ತಿಯ ಮೇಲೆ ನಾಚುಗಾನದ ಹಾಲ್ ಇದೆಯೇ ಎಂದು ಹಡಗಿನ ನಕ್ಷೆಯಲ್ಲಿ ನೋಡಿಯೇ ಕೋಣೆ ಹಿಡಿಯಿರಿ.

ಟಿಕೆಟ್ಟಿನ ಬೆಲೆಯೇ ಪೂರ್ತಿ ಖರ್ಚಲ್ಲ. ಸಿಬ್ಬಂದಿಯ ಭಕ್ಷೀಸು ಎಂದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್ಲಿಗೆ ಸೇರುವುದು ಅಮೆರಿಕದ ಹಡಗುಗಳಲ್ಲಿ ವಾಡಿಕೆ. ಇಂಟರ್ನೆಟ್, ತಂಪು ಪಾನೀಯ, ವಿಶೇಷ ಹೋಟೆಲುಗಳ ಊಟ ಎಲ್ಲ ಪ್ರತ್ಯೇಕ. ಒಬ್ಬರೇ ಹೋದರೂ ಹೆಚ್ಚು ಕಡಿಮೆ ಇಬ್ಬರ ದರ ಬೀಳುತ್ತದೆ. ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆಯನ್ನು ಮುಂಚೆಯೇ ಹಿಡಿಯುತ್ತಾರೆ, ರಸೀದಿ ಇಟ್ಟುಕೊಂಡರೆ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಫೋನನ್ನು ಹಡಗು ಬಿಟ್ಟ ಕ್ಷಣವೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಕೊಂಡರೆ ರೋಮಿಂಗ್ ಬಿಲ್ ನೋಡಿ ತಲೆ ತಿರುಗುತ್ತದೆ.

ಹಡಗು ಬಿಡುವ ಮೊದಲು ಸುರಕ್ಷತಾ ಕವಾಯತು ಮುಗಿಸಲೇಬೇಕು. ಇಟಲಿಯ ಕರಾವಳಿಯಲ್ಲಿ 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿದ ಮೇಲೆ ನಿಯಮ ಬಿಗಿಯಾಯಿತು. ಕವಾಯತು ಮುಗಿಸಿ ಹೊರಟ ಮೇಲೆ ಸ್ಪೇನಿನ ದಂಡೆ ಹಿಡಿದು ಜಿಬ್ರಾಲ್ಟರ್ ಜಲಸಂಧಿ. ಅದರ ಅತಿ ಕಿರಿದಾದ ಜಾಗದಲ್ಲಿ ಯುರೋಪಿಗೂ ಆಫ್ರಿಕಾಕ್ಕೂ ನಡುವಿನ ಅಂತರ ಸುಮಾರು 14 ಕಿಲೋಮೀಟರ್. ಹಗಲು ದಾಟಿದರೆ ಎರಡು ಖಂಡದ ಗುಡ್ಡಗಳೂ ಕಾಣುತ್ತವೆ. ವೇಳಾಪಟ್ಟಿ ನೋಡಿ, ರಾತ್ರಿಯಾದರೆ ನಿದ್ದೆ ಮಾಡಿ. ಆಮೇಲೆ ಕೆನರಿ ದ್ವೀಪಗಳಲ್ಲೋ ಮದೀರಾದಲ್ಲೋ ಒಂದು ನಿಲುಗಡೆ. ಅಲ್ಲಿ ಔಷಧಿ ಅಂಗಡಿ, ಕಿರಾಣಿ ಅಂಗಡಿ ನೋಡಿಕೊಂಡು ಬಿಟ್ಟುಹೋದದ್ದನ್ನು ಕೊಳ್ಳಿ. ಮುಂದೆ ಅಂಗಡಿ ಇಲ್ಲ.

ಅಲ್ಲಿಂದ ನಿಜವಾದ ಪ್ರಯಾಣ ಶುರು. ಕೊಲಂಬಸ್ 1492ರ ಸೆಪ್ಟೆಂಬರ್ 6ರಂದು ಕೆನರಿಯ ಲಾ ಗೊಮೆರಾ ದ್ವೀಪ ಬಿಟ್ಟು ಅಕ್ಟೋಬರ್ 12ಕ್ಕೆ ನೆಲ ಕಂಡ, 36 ದಿನ. ಅವನ ಹಡಗನ್ನು ದೂಡಿದ ಈಶಾನ್ಯದ ವ್ಯಾಪಾರ ಮಾರುತವೇ ಈಗಲೂ ನಿಮ್ಮ ಬೆನ್ನಿಗೆ ಬೀಸುತ್ತದೆ. ಹಡಗು 18ರಿಂದ 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 35 ಕಿಲೋಮೀಟರಿನಲ್ಲಿ ಪಶ್ಚಿಮಕ್ಕೆ ಓಡುತ್ತಿರುತ್ತದೆ, ಗಾಳಿಯೂ ಹೆಚ್ಚು ಕಡಿಮೆ ಅದೇ ದಿಕ್ಕಿಗೆ. ಹೀಗಾಗಿ ಎಷ್ಟೋ ಸಲ ಡೆಕ್ಕಿನ ಮೇಲೆ ಗಾಳಿಯೇ ಆಡುವುದಿಲ್ಲ. ಹಿಂದಿನಿಂದ ಬರುವ ಅಲೆ ಹಡಗನ್ನು ನಿಧಾನಕ್ಕೆ ಎತ್ತಿ ಇಳಿಸುತ್ತದೆ, ಅಷ್ಟೇ. ಹಾಗೆಂದು ಯಾವಾಗಲೂ ಶಾಂತ ಎಂದಲ್ಲ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಕ್ಯಾಪ್ಟನ್ ದಾರಿ ಬದಲಿಸಬಹುದು, ಬಂದರು ರದ್ದಾಗಬಹುದು. ಇದಕ್ಕೆ ತಕರಾರು ಮಾಡಿ ಪ್ರಯೋಜನವಿಲ್ಲ, ಟಿಕೆಟ್ಟಿನ ಷರತ್ತಿನಲ್ಲೇ ಬರೆದಿರುತ್ತದೆ.

ಪಶ್ಚಿಮಕ್ಕೇ ಹೋಗಿ ಎಂದು ನಾನು ಒತ್ತಿ ಹೇಳುವುದಕ್ಕೆ ಗಾಳಿಗಿಂತ ದೊಡ್ಡ ಕಾರಣ ಗಡಿಯಾರ. ನವೆಂಬರ್‌ನಲ್ಲಿ ಬಾರ್ಸಿಲೋನಾಕ್ಕೂ ಫ್ಲೋರಿಡಾಕ್ಕೂ ಆರು ಗಂಟೆಯ ಅಂತರ. ಹಡಗಿನವರು ಅದನ್ನು ಒಮ್ಮೆಲೇ ಮಾಡದೆ, ಕೆಲವು ರಾತ್ರಿ ಒಂದೊಂದು ಗಂಟೆಯಂತೆ ಗಡಿಯಾರ ಹಿಂದೆ ಸರಿಸುತ್ತಾರೆ. ದಿನಕ್ಕೆ 25 ಗಂಟೆ! ವಿಮಾನದಲ್ಲಿ ಹೋದರೆ ದಿನಗಟ್ಟಲೆ ಕಾಡುವ ನಿದ್ದೆಗೇಡು ಇಲ್ಲಿಲ್ಲ. ಮಗಳ ಮನೆ ಮುಟ್ಟಿದ ದಿನವೇ ನಮ್ಮ ಮನೆಯವರು ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದರು. ವಸಂತದಲ್ಲಿ ಪೂರ್ವಕ್ಕೆ ಬರುವವರದು ಇದರ ಉಲ್ಟಾ, ಗಂಟೆ ಕಳೆದುಕೊಳ್ಳುತ್ತ ಬರಬೇಕು. ಬಿಪಿ, ಶುಗರ್ ಮಾತ್ರೆ ನುಂಗುವವರು ಈ ಗಂಟೆ ಬದಲಾವಣೆಯ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿಕೊಂಡು ಒಂದು ಚೀಟಿ ಬರೆಸಿಕೊಳ್ಳಿ. ಇನ್ಸುಲಿನ್ ಇಡುವುದಾದರೆ ಕೋಣೆಯ ಪುಟ್ಟ ಫ್ರಿಜ್ ನಂಬಬೇಡಿ, ಹಡಗಿನ ಆಸ್ಪತ್ರೆಯವರ ಜೊತೆ ಮಾತಾಡಿ. ಆ ಆಸ್ಪತ್ರೆ ದುಬಾರಿ, ವಿಮೆ ಇಲ್ಲದೆ ಹೋಗುವ ಮಾತೇ ಇಲ್ಲ. ತಲೆಸುತ್ತಿಗೆ ಅವೋಮಿನ್ ಜಾತಿಯ ಮಾತ್ರೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಇರಲಿ. ಹೊಟ್ಟೆ ತೊಳಸುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಅಲ್ಲ. ಕೋಣೆಯಲ್ಲಿ ಬಿದ್ದುಕೊಳ್ಳದೆ ಮೇಲೆ ಬಂದು ಕ್ಷಿತಿಜ ನೋಡುತ್ತ ಕೂತರೆ ಅರ್ಧ ಕಡಿಮೆಯಾಗುತ್ತದೆ.

ಆ ದಿನಗಳಲ್ಲಿ ಮಾಡುವುದೇನು? ಹಡಗಿನವರು ದಿನಾ ಒಂದು ಕಾರ್ಯಕ್ರಮ ಪಟ್ಟಿ ಕೊಡುತ್ತಾರೆ. ಉಪನ್ಯಾಸ, ನೃತ್ಯಪಾಠ, ಇಸ್ಪೀಟು, ಹರಾಜು, ರಸಪ್ರಶ್ನೆ. ಮೊದಲ ದಿನ ಎಲ್ಲದಕ್ಕೂ ಓಡುತ್ತೀರಿ. ಹರಾಜು, ಒಡವೆ ಮಾರಾಟ ಬಿಟ್ಟುಬಿಡಿ, ಅದು ಜೇಬಿಗೆ ಕೈ ಹಾಕುವ ಕೆಲಸ. ಉಪನ್ಯಾಸಗಳಿಗೆ ಹೋಗಿ. ಸಾಗರ, ನಕ್ಷತ್ರ, ಹಡಗುಗಳ ಇತಿಹಾಸದ ಬಗ್ಗೆ ಹೇಳುವವರು ಹೆಚ್ಚಾಗಿ ನಿವೃತ್ತ ಮೇಷ್ಟ್ರುಗಳು, ನಾವಿಕರು. ನಡೆಯುವವರಿಗೆ ಎಷ್ಟು ಸುತ್ತಿಗೆ ಒಂದು ಮೈಲಿ ಎಂದು ಡೆಕ್ಕಿನ ಮೇಲೆ ಫಲಕ ಇರುತ್ತದೆ. ಬಿಸಿಲೇರುವ ಮೊದಲು ಕಂಬಿ ಹಿಡಿದು ಕೆಳಗೆ ನೋಡುತ್ತಿದ್ದರೆ ಹಡಗಿನ ಬದಿಯಿಂದ ಹಾರುಮೀನುಗಳ ಗುಂಪು ಚಿಮ್ಮಿ ನೀರಿನ ಮೇಲೇ ಬಹುದೂರ ಜಾರಿಕೊಂಡು ಹೋಗುತ್ತದೆ. ಪಶ್ಚಿಮಕ್ಕೆ ಸಾಗಿದಂತೆ ಸರ್ಗಾಸಮ್ ಎಂಬ ಹಳದಿ ಪಾಚಿಯ ಪಟ್ಟೆಗಳೂ ಕಾಣಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಬ್ರಿಡ್ಜ್‌ನಿಂದ, ಅಂದರೆ ಕ್ಯಾಪ್ಟನ್ ಹಡಗು ನಡೆಸುವ ಕೋಣೆಯಿಂದ, ಘೋಷಣೆ: ಎಲ್ಲಿದ್ದೇವೆ, ಕೆಳಗೆ ಎಷ್ಟು ಆಳ, ಗಾಳಿ ಎಷ್ಟು. ಕೆಳಗೆ ನಾಲ್ಕೈದು ಕಿಲೋಮೀಟರ್ ನೀರು ಎಂದು ಕೇಳಿದಾಗ ಮೊದಲ ಸಲ ಕಾಲು ಸ್ವಲ್ಪ ಜುಮ್ ಎನ್ನುತ್ತದೆ, ಮೂರನೆಯ ದಿನಕ್ಕೆ ಊಟದ ಮೆನುವಿನಷ್ಟೇ ಆಸಕ್ತಿಯಿಂದ ಕೇಳುತ್ತೀರಿ. ಮಧ್ಯಾಹ್ನದ ಗಂಟೆಗಳು ಉದ್ದ. ಓದಬೇಕು ಎಂದು ಕಟ್ಟಿಟ್ಟ ಪುಸ್ತಕ, ಹೆಣಿಗೆ, ಚದುರಂಗ ಏನಾದರೂ ಜೊತೆಗಿರಲಿ. ಇಡೀ ದಿನ ವೈಫೈ ಹಿಡಿದು ಮೊಮ್ಮಕ್ಕಳ ವಿಡಿಯೋ ನೋಡುವುದಾದರೆ ಇಷ್ಟು ದೂರ ಬರುವ ಅಗತ್ಯವೇ ಇರಲಿಲ್ಲ, ಎಂದು ನಾನೇ ನಮ್ಮ ಮನೆಯವರ ಫೋನ್ ಕಿತ್ತಿಟ್ಟಿದ್ದೆ.

ಸಸ್ಯಾಹಾರಿಗಳಿಗೆ ಉಪವಾಸವೇನೂ ಬೀಳುವುದಿಲ್ಲ. ಬುಕ್ ಮಾಡುವಾಗಲೇ ಬರೆಸಿ. ಹತ್ತಿದ ಮೊದಲ ರಾತ್ರಿಯೇ ಊಟದ ಹಾಲಿನ ಮುಖ್ಯಸ್ಥರನ್ನು ಕಂಡು, ನಾಳೆಗೆ ಅನ್ನ, ಬ್ಯಾಳಿ, ಪಲ್ಯ ಆಗುತ್ತದೆಯೇ ಎಂದು ಕೇಳಿ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಭಾರತದವರು ಇದ್ದೇ ಇರುತ್ತಾರೆ, ಗೋವಾದವರು, ಕೇರಳದವರು. ಮೊಸರು ಬೆಳಗಿನ ಬಫೆಯಲ್ಲಿ ಸಿಗುತ್ತದೆ. ತೊಗರಿ ಬ್ಯಾಳಿಯ ರುಚಿ ಬಲ್ಲ ನಾಲಿಗೆಗೆ ಅವರ ಬ್ಯಾಳಿ ಸಪ್ಪೆ ಅನ್ನಿಸೀತು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಲವು ಕಂಪನಿಗಳು ಒಳಗೆ ಬಿಡುವುದಿಲ್ಲ, ಸೀಲ್ ಮಾಡಿದ ಪ್ಯಾಕೆಟ್ ನಡೆಯುತ್ತದೆ. ನಮ್ಮ ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳ ‘ಕಲಬುರಗಿ ರೊಟ್ಟಿ’ ಪ್ಯಾಕೆಟ್, ಅಂಗಡಿಯ ಶೇಂಗಾ ಹಿಂಡಿ ಇದಕ್ಕೆ ಹೇಳಿ ಮಾಡಿಸಿದ್ದು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ತಂದರೆ ಕಸಿದಿಡುತ್ತಾರೆ, ಬೆಂಕಿಯ ಭಯ. ಕೋಣೆಯ ಗೋಡೆ ಸಾಮಾನ್ಯವಾಗಿ ಉಕ್ಕಿನದು, ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒಗೆದ ಬಟ್ಟೆ ಹಾಕಲು ಬರುತ್ತವೆ. ಪಾಯಿಖಾನೆಯಲ್ಲಿ ನೀರಿನ ಪೈಪ್ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಚೀಲದಲ್ಲಿರಲಿ. ನಮ್ಮ ಊರಿನ ಬಿಸಿಲಿಗೆ ಒಗ್ಗಿದ ಮೈಗೆ ಅಲ್ಲಿಯ ಎಸಿ ತಡೆಯದು, ಶಾಲು ಬೇಕೇ ಬೇಕು.

ಇಷ್ಟೆಲ್ಲ ಓದಿಯೂ ಅನುಮಾನವಿದ್ದರೆ, ಮೊದಲು ಮುಂಬೈಯಿಂದ ಗೋವಾಕ್ಕೆ ಹೋಗುವ ಎರಡು ಮೂರು ರಾತ್ರಿಯ ಹಡಗು ಹತ್ತಿ ನೋಡಿ. ಮಳೆಗಾಲದಲ್ಲಿ ಬೇಡ, ಅರಬ್ಬಿ ಸಮುದ್ರ ಆಗ ಒರಟು. ಅದರಲ್ಲಿ ಎರಡನೆಯ ದಿನವೇ ಬೇಸರ ಬಂದರೆ ಅಟ್ಲಾಂಟಿಕ್ ನಿಮಗಲ್ಲ.

ಇಳಿಯುವ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಬೇಕು. ಮರುದಿನದ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಅಮೆರಿಕದ ವಲಸೆ ತಪಾಸಣೆ ಬಂದರಿನಲ್ಲೇ ನಡೆಯುತ್ತದೆ. ಮಗಳ ವಿಳಾಸ, ಮರಳುವ ವಿಮಾನದ ಟಿಕೆಟ್ ಕಾಗದದ ಮೇಲೆ ಇಟ್ಟುಕೊಳ್ಳಿ. ಬೆಳಗಿನ ಬಫೆಯ ಸೇಬು, ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಇಳಿದರೆ ದಂಡ ಬೀಳಬಹುದು, ಅಲ್ಲೇ ತಿಂದು ಮುಗಿಸಿ.