ಬಟವಾಡೆ ಪುಸ್ತಕದಲ್ಲಿ ಇಲ್ಲದ ಹೆಸರು

2023ರ ಫೆಬ್ರುವರಿಯ ಒಂದು ಶನಿವಾರ, ಬೆಂಗಳೂರಿನ ಹೊರವಲಯದ ನಮ್ಮ ವಸತಿ ಸಮುಚ್ಚಯದ ಸೈಟಿನಲ್ಲಿ ವಾರದ ಬಟವಾಡೆ ನಡೆದಿತ್ತು. ಉಪಗುತ್ತಿಗೆದಾರನ ಮೇಸ್ತ್ರಿ ಕೂಲಿ ಕೊಡುವಾಗ ಎದುರಿಗೆ ಕುಳಿತು, ಪ್ರತಿ ಪುಟದ ಕೆಳಗೆ ‘ನನ್ನ ಸಮಕ್ಷಮದಲ್ಲಿ ಪಾವತಿಯಾಗಿದೆ’ ಎಂದು ಸಹಿ ಮಾಡುವುದು ಮುಖ್ಯ ಗುತ್ತಿಗೆದಾರರ ಕಡೆಯ ಕಾರ್ಮಿಕ ಅಧಿಕಾರಿಯಾದ ನನ್ನ ಕೆಲಸ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಈ ಸಹಿಯನ್ನು ಕೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಬಾಕಿ ತೀರಿಸುವ ಹೊಣೆ ಪ್ರಧಾನ ಉದ್ಯೋಗದಾತರ, ಅಂದರೆ ಗುತ್ತಿಗೆ ಕೊಟ್ಟು ಕೆಲಸ ಮಾಡಿಸುವವರ ಮೇಲೆ ಬೀಳುತ್ತಿತ್ತು, ನಮ್ಮ ಸೈಟಿನಲ್ಲಿ ಆ ಸ್ಥಾನದಲ್ಲಿ ಇದ್ದವರು ನಾವೇ.

ಬಟವಾಡೆ ಮುಗಿಯುವ ಹೊತ್ತಿಗೆ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಅರ್ಜಿ ಹಿಡಿದು ಬಂದಳು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಅದಕ್ಕೆ ನಮ್ಮ ದೃಢೀಕರಣ ಬೇಕಿತ್ತು. ದಸರಾ ಮುಗಿದ ಮೇಲೆ ಬಂದವಳು, ದಿನಗಳು ತುಂಬಿರಲೇಬೇಕು ಎಂದು ಪುಸ್ತಕ ತಿರುವಿದೆ. ಹದಿನೇಳು ವಾರಗಳ ಪುಟಗಳಲ್ಲಿ ಅವಳ ಗಂಡನ ಹೆಸರಿತ್ತು, ಹೆಬ್ಬೆಟ್ಟಿನ ಗುರುತಿತ್ತು, ಪಕ್ಕದಲ್ಲಿ ‘ಜೋಡಿ’ ಎಂದು ಬರೆದಿತ್ತು. ಜೋಡಿಗೆ ದಿನಕ್ಕೆ 1,300 ರೂಪಾಯಿ.

“ಸಾಹೇಬ್ರ, ಇದ್ರಾಗ ನನ್ನ ಹೆಸರು ಎಲ್ಲಿ ಅದರಿ?” ಎಂದು ಅವಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಹದಿನೇಳೂ ಪುಟಗಳ ಕೆಳಗೆ ಇದ್ದದ್ದು ನನ್ನದೇ ಸಹಿ. ಮೊತ್ತ ತಾಳೆಯಾಯಿತೇ ಎಂದು ನೋಡಿದ್ದೆನೇ ಹೊರತು ಆಳುಗಳನ್ನು ಎಣಿಸಿರಲಿಲ್ಲ.

ಮೇಸ್ತ್ರಿಯನ್ನು ಕೇಳಿದರೆ, “ಗಂಡ ಹೆಂಡ್ತಿ ದುಡ್ಡು ಒಂದೇ ಮನೆಗೆ ಹೋಗೋದಲ್ವಾ ಸಾರ್” ಎಂದ. ಅದರಲ್ಲಿ ಅವಳ ಪಾಲೆಷ್ಟು ಎಂಬುದಕ್ಕೆ ಸ್ವಲ್ಪ ಯೋಚಿಸಿ, ಅವನಿಗೆ 750, ಅವಳಿಗೆ 550 ಎಂದು ಬರೆದುಕೊಳ್ಳಲು ಹೇಳಿದ. ಇಬ್ಬರೂ ಹೊರುತ್ತಿದ್ದದ್ದು ಅದೇ ಇಟ್ಟಿಗೆ, ಅದೇ ಜಲ್ಲಿ, ಹತ್ತುತ್ತಿದ್ದದ್ದು ಅದೇ ಮೆಟ್ಟಿಲು. ಒಂದೇ ಕೆಲಸಕ್ಕೆ ಹೆಣ್ಣಾಳೆಂದು ಕೂಲಿ ಇಳಿಸುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿದೆ ಎಂದು ಹೇಳಿ, ತಲಾ 650 ಎಂದು ಬರೆಸಿದೆ. ಆತ ಗೊಣಗಿದನಾದರೂ ಒಪ್ಪಿದ.

ಉಳಿದದ್ದು 90 ದಿನಗಳ ಪುರಾವೆ. ಗೇಟಿನ ಕಾವಲುಗಾರ ಬೆಳಿಗ್ಗೆ ಹೆಲ್ಮೆಟ್ ಕೊಡುವಾಗ ಒಬ್ಬೊಬ್ಬರ ಹೆಸರನ್ನೂ ಹೆಲ್ಮೆಟ್ಟಿನ ಸಂಖ್ಯೆಯನ್ನೂ ಬರೆದುಕೊಳ್ಳುತ್ತಿದ್ದದ್ದು ಆಗ ನೆನಪಾಯಿತು. ಮೂಲೆ ಮುದುರಿ, ಸಿಮೆಂಟಿನ ಧೂಳು ಮೆತ್ತಿಕೊಂಡಿದ್ದ ಆ ಎರಡು ಪುಸ್ತಕಗಳನ್ನು ತರಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಾಂಕದ ಪ್ರಕಾರ ಗುರುತು ಹಾಕುತ್ತ ಹೋದೆ. ತನಗೆ ಕೊಡುತ್ತಿದ್ದದ್ದು 64ನೇ ನಂಬರಿನ ಹೆಲ್ಮೆಟ್ ಎಂದು ಅವಳಿಗೆ ಬಾಯಿಪಾಠವಾಗಿತ್ತು. ಸಂಕ್ರಾಂತಿಗೆ ಊರಿಗೆ ಹೋದ ದಿನಗಳನ್ನು ಅವಳೇ ಹೇಳಿ ಬಿಡಿಸಿದಳು. ಎಲ್ಲ ಸೇರಿ 96 ದಿನಗಳಾದವು. ತಲೆಗೆ ಕೊಟ್ಟ ಹೆಲ್ಮೆಟ್ಟಿನ ಲೆಕ್ಕ ಇಟ್ಟವರು, ಆ ತಲೆಯ ಮೇಲೆ ಹೊರಿಸಿದ ಬುಟ್ಟಿಯ ಲೆಕ್ಕ ಇಟ್ಟಿರಲಿಲ್ಲ.

ಕಲ್ಯಾಣ ಮಂಡಳಿಗೆ ಸೇರುವ, ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ ಅನ್ನು ನಾವು ತಪ್ಪದೆ ಕಟ್ಟಿದ್ದೆವು, ರಸೀದಿಗಳು ಫೈಲಿನಲ್ಲಿ ಅಚ್ಚುಕಟ್ಟಾಗಿ ಇದ್ದವು. ಆ ಹಣ ಸಲ್ಲಬೇಕಾದವಳು ಮಾತ್ರ ನಮ್ಮ ಕೂಲಿಯ ಕಾಗದದಲ್ಲಿ ಎಲ್ಲೂ ಇರಲಿಲ್ಲ. ತಪಾಸಣೆಗೆ ಬಂದವರು ಕೇಳುವುದು ರಸೀದಿಯನ್ನು ಎಂಬ ಕಾರಣಕ್ಕೆ ನಾನೂ ರಸೀದಿಯನ್ನೇ ಕಾಯ್ದಿದ್ದೆ. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ದೃಢೀಕರಣ ಪತ್ರವನ್ನು ಅಂದೇ ಸಂಜೆ ಕೊಟ್ಟೆ. ಸೈಟಿನಲ್ಲಿ ಇನ್ನೂ ಹನ್ನೊಂದು ಜೋಡಿಗಳಿದ್ದವು. ಸೋಮವಾರದಿಂದ ಎಲ್ಲರಿಗೂ ಬೇರೆ ಬೇರೆ ಸಾಲು, ಬೇರೆ ವೇತನ ಚೀಟಿ ಮಾಡಿಸಿದೆ. ಮುಂದಿನ ಶನಿವಾರ ಅವಳು ಹೆಬ್ಬೆಟ್ಟು ಒತ್ತದೆ ಪೆನ್ನು ಕೇಳಿ ಪಡೆದು, ನಾಲ್ಕು ಅಕ್ಷರದ ತನ್ನ ಹೆಸರನ್ನು ನಿಧಾನವಾಗಿ ಬರೆದಳು. ಕೂಲಿಯನ್ನು ಎರಡು ಸಲ ಎಣಿಸಿ, ಹಿಂದಿನ ಪುಟಗಳಲ್ಲೂ ಹೆಸರು ಸೇರಿಸಲು ಬರುತ್ತದೆಯೇ ಎಂದು ಕೇಳಿದಳು. ಮುಗಿದ ಪುಟವನ್ನು ತಿದ್ದುವಂತಿಲ್ಲ ಎಂದು ಹೇಳಬೇಕಾಯಿತು.